ಹದಿನೈದರಲ್ಲಿ ಆರು ಪದ

ಮಾನ್ಯ ಮುಖ್ಯ ವೈದ್ಯಕೀಯ ಪರಿಶೀಲನಾಧಿಕಾರಿಗಳೇ,

ನನ್ನ ಗಂಡನ ತಲೆ ಇಪ್ಪತ್ತೇಳು ವರ್ಷಗಳ ಹಿಂದೆ ಹೇಗಿತ್ತೋ ಇಂದಿಗೂ ಹಾಗೆಯೇ ಇದೆ ಎಂದು ತಾವು ಬರೆದ ಪತ್ರ ಕಳೆದ ಮಂಗಳವಾರ ತಲುಪಿತು. ಇಷ್ಟು ಒಳ್ಳೆಯ ಸುದ್ದಿಯನ್ನು ಅವನಿಗೇ ಓದಿ ಹೇಳೋಣವೆಂದು ಅಡುಗೆಮನೆಗೆ ಹೋದೆ. ಅವನು ಫ್ರಿಜ್ಜಿನ ಬಾಗಿಲು ತೆರೆದುಕೊಂಡು, ಇದರಿಂದ ಅಂಗಳಕ್ಕೆ ಇಳಿಯುವುದು ಹೇಗೆಂದು ಯೋಚಿಸುತ್ತ ನಿಂತಿದ್ದ. ಹಾಲು, ಮೊಟ್ಟೆ, ಹಿಂದಿನ ದಿನದ ಸೂಪು ಎಲ್ಲವನ್ನೂ ಇಳಿಸಿ ನೆಲದ ಮೇಲೆ ಸಾಲಾಗಿ ಇಟ್ಟಿದ್ದ. ದಾರಿಗೆ ಅಡ್ಡವಾಗಿದ್ದವಂತೆ. ನಾನು ತಮ್ಮ ಪತ್ರವನ್ನು ಮಡಿಸಿ ಜೇಬಿಗೆ ಹಾಕಿಕೊಂಡು ಮೊಟ್ಟೆಗಳನ್ನು ಎತ್ತಿಟ್ಟೆ.

ಇದು ಫುಟ್ಬಾಲ್ ಲೀಗಿನ ತಮ್ಮ ಕಚೇರಿಯಿಂದ ಬಂದ ಮೂರನೆಯ ನಿರಾಕರಣೆ. ಮೂರರಲ್ಲೂ ಒಂದೇ ವಾಕ್ಯ: "ಆಟಗಾರನ ಮೂಲ ಪರೀಕ್ಷೆಗೆ ಹೋಲಿಸಿದಾಗ ನೆನಪಿನ ಶಕ್ತಿಯಲ್ಲಿ ಗಣನೀಯ ಕುಸಿತ ಕಂಡುಬಂದಿಲ್ಲ." ಕುಸಿತ ಕಂಡುಬರದ ಕಾರಣ, ನಿವೃತ್ತ ಆಟಗಾರರಿಗಾಗಿ ತಾವು ನಡೆಸುವ ಆರೈಕೆ ಮನೆಯಲ್ಲಿ ಅವನಿಗೆ ಹಾಸಿಗೆ ಇಲ್ಲ. ನಾನು ಪರಿಹಾರ ಕೇಳಿಲ್ಲ. ಸನ್ಮಾನ ಕೇಳಿಲ್ಲ. ಆರೂವರೆ ಅಡಿಯ ಗಂಡಸು ಕಾಲು ಚಾಚಬಹುದಾದ ಒಂದು ಹಾಸಿಗೆ, ಅವನು ಎದ್ದು ನುಗ್ಗಿದರೆ ಹಿಡಿದು ನಿಲ್ಲಿಸಬಲ್ಲ ಇಬ್ಬರು ಗಟ್ಟಿ ಆಳು, ಇಷ್ಟನ್ನು ಕೇಳಿದ್ದೇನೆ. ನಮ್ಮ ಸುತ್ತಮುತ್ತ ಮೂರು ವೃದ್ಧಾಶ್ರಮಗಳಿವೆ. ಮೂರೂ ಕಡೆ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಕೈ ಚೆಲ್ಲಿದರು. ಒಂದು ಕಡೆಯ ಮೇಲ್ವಿಚಾರಕಿಯಂತೂ ಪಾಪ, ನೇರವಾಗಿಯೇ ಹೇಳಿದಳು: "ನಮ್ಮಲ್ಲಿರೋ ಹುಡುಗೀರು ನೂರಿಪ್ಪತ್ತು ಪೌಂಡು ಇದ್ದಾರೆ ಕಣಮ್ಮ. ನಿಮ್ಮನೆಯವ್ರು ಮಗ್ಗುಲು ತಿರುಗಿದ್ರೂ ಅವ್ರು ಕೆಳಗೆ ಸಿಕ್ಕಿ ಅಪ್ಪಚ್ಚಿ ಆಗ್ತಾರೆ." ಅವಳ ಮೇಲೆ ನನಗೆ ಸಿಟ್ಟಿಲ್ಲ.

ಈ ಸಲ ನಾನು ತಮ್ಮ ಮೇಲ್ಮನವಿಯ ನಮೂನೆಯನ್ನು ತುಂಬಿಲ್ಲ. "ಇತರ ವಿವರಗಳು" ಎಂಬಲ್ಲಿ ತಾವು ಬಿಟ್ಟಿರುವುದು ಎರಡು ಗೆರೆ. ಹತ್ತು ವರ್ಷದ ಪಾಪ ಎರಡು ಗೆರೆಯಲ್ಲಿ ಹಿಡಿಸುವುದಿಲ್ಲ. ಆದ್ದರಿಂದ ಪತ್ರಿಕೆಯವರ ಕೈಕಾಲು ಹಿಡಿದು ಇಷ್ಟು ಜಾಗ ಬೇಡಿಕೊಂಡಿದ್ದೇನೆ. ನಾನು ಹೇಳಬೇಕಾದದ್ದು ಒಂದು ತಪ್ಪೊಪ್ಪಿಗೆ. ತಾವು ಮೂರು ಸಲ ಹೋಲಿಸಿ ನೋಡಿದ ಆ ಮೂಲ ಪರೀಕ್ಷೆ ಸುಳ್ಳು. ಬೇಕೆಂದೇ ಮಾಡಿದ ಸುಳ್ಳು. ಅದನ್ನು ಅವನಿಗೆ ಕಲಿಸಿಕೊಟ್ಟವಳು ನಾನು.

ವೇಡ್ ನೋವೊಟ್ನಿ ಎಂಬ ಹೆಸರು ಈ ಪತ್ರಿಕೆ ಓದುವವರಲ್ಲಿ ಹೆಚ್ಚಿನವರಿಗೆ ನೆನಪಿರಲಾರದು. ಅದು ಅವರ ತಪ್ಪಲ್ಲ. ನಮ್ಮ ಅಮೆರಿಕದ ಫುಟ್ಬಾಲಿನಲ್ಲಿ ಚೆಂಡು ಎಸೆಯುವವನಿಗೆ ಹೆಸರಿದೆ, ಅದನ್ನು ಕೈಯಲ್ಲಿ ಹಿಡಿದು ಓಡುವವನಿಗೆ ಹೆಸರಿದೆ, ಲೈನಿನವರಿಗೆ ಇಲ್ಲ. ಐದು ಜನ ಸಾಲಾಗಿ ಬಗ್ಗಿ ನಿಲ್ಲುತ್ತಾರೆ, ನೆಲಕ್ಕೆ ಬೆರಳೂರುತ್ತಾರೆ. ಎಸೆಯುವವನನ್ನು ಕೆಡವಲು ಎದುರಿನವರು ನುಗ್ಗುತ್ತಾರೆ, ಇವರು ತಲೆ ಕೊಡುತ್ತಾರೆ. ಒಂದು ಪಂದ್ಯದಲ್ಲಿ ಅರವತ್ತು ಎಪ್ಪತ್ತು ಸಲ ಹೆಲ್ಮೆಟ್ಟಿಗೆ ಹೆಲ್ಮೆಟ್ಟು. ಅಭ್ಯಾಸದ ದಿನಗಳ ಲೆಕ್ಕ ಬೇರೆ. ವೇಡ್ ಹತ್ತು ವರ್ಷ ಆ ಸಾಲಿನಲ್ಲಿ ಎಡಗಡೆಯ ಗಾರ್ಡ್ ಆಗಿದ್ದ. ಆ ಹತ್ತು ವರ್ಷದಲ್ಲಿ ಚೆಂಡು ಮುಟ್ಟಿದ್ದು ಎರಡೇ ಸಲ, ಅದೂ ಯಾರೋ ಕೈಜಾರಿ ಬೀಳಿಸಿದ್ದನ್ನು. ಮೈದಾನದ ಧ್ವನಿವರ್ಧಕದಲ್ಲಿ ಲೈನಿನವನ ಸಂಖ್ಯೆ ಕೂಗುವುದು ಅವನು ತಪ್ಪು ಮಾಡಿದಾಗ ಮಾತ್ರ. ನನ್ನ ಅತ್ತೆ ಪ್ರತಿ ಭಾನುವಾರ ಚರ್ಚಿನಿಂದ ಬಂದು ಟಿವಿಯ ಮುಂದೆ ಕೂತು, "ದೇವ್ರೇ, ಇವತ್ತು ನನ್ ಮಗನ ಹೆಸ್ರು ಯಾರ ಬಾಯಲ್ಲೂ ಬರದಿರ್ಲಪ್ಪ" ಎಂದು ಕೈಜೋಡಿಸುತ್ತಿದ್ದಳು. ಮಗನ ಹೆಸರು ಯಾರೂ ಎತ್ತದಿರಲಿ ಎಂದು ಬೇಡಿಕೊಳ್ಳುವ ತಾಯಂದಿರು ಲೈನಿನವರ ಮನೆಗಳಲ್ಲಿ ಮಾತ್ರ ಇರುತ್ತಾರೆ.

ಲೈನಿನವರದು ಒಂದು ಪದ್ಧತಿ. ಗುರುವಾರ ಸಂಜೆ ಐದೂ ಜನ ಹೆಂಡಿರ ಸಮೇತ ಯಾರಾದರೊಬ್ಬರ ಮನೆಯಲ್ಲಿ ಸೇರಿ ಉಣ್ಣುವುದು. ಉಣ್ಣುವುದೂ ಅವರಿಗೆ ಕೆಲಸವೇ. ಮುನ್ನೂರ ಹತ್ತು ಪೌಂಡಿಗಿಂತ ಇಳಿದರೆ ತಂಡದವರು ಹುಬ್ಬೇರಿಸುತ್ತಿದ್ದರು. ನಮ್ಮ ಮನೆಯ ಸರದಿ ಬಂದಾಗ ಹಂದಿಮಾಂಸ, ಹಿಟ್ಟಿನ ಡಂಪ್ಲಿಂಗ್, ಹುಳಿಕೋಸು, ಕೊನೆಗೆ ಅತ್ತೆ ಹೇಳಿಕೊಟ್ಟಂತೆ ಗಸಗಸೆ ತುಂಬಿದ ಸಿಹಿ ಬನ್ನು, ಕೊಲಾಚೆ. ಒಂದು ತಟ್ಟೆಗೆ ಇಪ್ಪತ್ತನಾಲ್ಕರಂತೆ ನಾಲ್ಕು ತಟ್ಟೆ ಬೇಯಿಸಿದರೂ ಬೆಳಿಗ್ಗೆಗೆ ಒಂದೂ ಮಿಗುತ್ತಿರಲಿಲ್ಲ. ಸಾವಿರದ ಒಂಬೈನೂರ ತೊಂಬತ್ತೆಂಟರ ಬೇಸಿಗೆ ಶಿಬಿರ ಶುರುವಾಗುವ ಮುಂಚಿನ ಗುರುವಾರ, ಆ ಮೇಜಿನ ಮೇಲೆಯೇ ಈ ಕತೆ ಆರಂಭವಾಯಿತು. ವೇಡ್‌ನ ಪಕ್ಕದ ಜಾಗದಲ್ಲಿ ಆಡುತ್ತಿದ್ದ ಓಟಿಸ್ ಬ್ಯಾಂಕ್‌ಹೆಡ್, ಅಲಬಾಮಾದವನು, ನಮಗೆಲ್ಲ ಹಿರಿಯಣ್ಣನಂತಿದ್ದವನು, ಎಂಟನೆಯ ಕೊಲಾಚೆಯನ್ನು ಕೈಯಲ್ಲಿ ಹಿಡಿದು ಹೇಳಿದ:

"ಸೋಮವಾರ ನೆನಪಿನ ಪರೀಕ್ಷೆ ಐತೆ. ಈ ವರ್ಷ ಹೊಸಬ್ರೂ ಇದ್ದೀರ. ಯಾವನೂ ಅಲ್ಲಿ ಜಾಣ ಆಗಕ್ ಹೋಗ್ಬೇಡಿ."

"ಅಂದ್ರೆ?" ಎಂದ ವೇಡ್.

"ಹದ್ನೈದು ಪದ ಓದ್ತಾರೆ. ನೀನು ಹದ್ನೈದೂ ಒಪ್ಪಿಸ್ದೆ ಅಂತಿಟ್ಕೋ. ಅಕ್ಟೋಬರಲ್ಲಿ ತಲೆಗೆ ಒಂದು ಬೀಳ್ತದೆ. ಮತ್ತೆ ಓದ್ತಾರೆ. ಎಂಟು ಹೇಳ್ತೀಯ. ‘ಹದ್ನೈದಿತ್ತು, ಎಂಟಾಯ್ತು, ಮನೇಲಿ ಕೂತ್ಕೋ ರಾಜಾ’ ಅಂತಾರೆ. ನೀನು ಎರಡು ವಾರ ಕೂತ್ರೆ ನಿನ್ ಜಾಗದಲ್ಲಿ ಇನ್ನೊಬ್ಬ ಬಗ್ಗಿ ನಿಂತಿರ್ತಾನೆ. ಆಮೇಲೆ ನಿಂಗೆ ಅಲ್ಲೇನು ಕೆಲ್ಸ? ಟವಲ್ ಮಡಚೋದು."

"ಅದಕ್ಕೆ?"

"ಅದಕ್ಕೆ ಮೊದ್ಲೇ ಆರು ಹೇಳು. ಪೆಟ್ಟು ಬಿದ್ಮೇಲೂ ಆರು ಹೇಳು. ಡಾಕ್ಟ್ರು ಬೆನ್ ತಟ್ಟಿ ಮೈದಾನಕ್ಕೆ ಕಳಿಸ್ತಾನೆ. ನಾನು ಐದು ವರ್ಷದಿಂದ ಆರೇ."

"ನಿಂಗೇನ್ ಕಷ್ಟ ಬಿಡಣ್ಣ, ಆರರ ಮೇಲೆ ನಿಂಗೆ ಎಣಿಸಕ್ಕೇ ಬರಲ್ಲ," ಎಂದ ವೇಡ್. ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ನಗುವನ್ನು ಈಗ ಎಲ್ಲಿಗೆ ತೆಗೆದುಕೊಂಡು ಹೋಗಿ ಹೂಳಲಿ, ತಾವೇ ಹೇಳಿ.

ತೊಡಕೆಂದರೆ, ನನ್ನ ಗಂಡನಿಗೆ ಮರೆಯಲು ಬರುತ್ತಿರಲಿಲ್ಲ. ಅವನು ಸುಳ್ಳು ಹೇಳಿದರೆ ಕಿವಿ ಕೆಂಪಾಗುತ್ತಿತ್ತು. ನಾನು ಎರಡನೇ ತರಗತಿಯ ಶಿಕ್ಷಕಿ, ಆಗಷ್ಟೇ ಕೆಲಸಕ್ಕೆ ಸೇರಿದ್ದೆ, ಕಲಿಸುವ ಹುಮ್ಮಸ್ಸು ಮೈತುಂಬ ಇತ್ತು. ನಾನೇ ಹೇಳಿದೆ, ಬಾ, ಅಭ್ಯಾಸ ಮಾಡಿಸುತ್ತೇನೆ ಅಂತ. ಊಟದ ಮೇಜಿನ ಎದುರುಬದುರು ಕೂತು ಒಂದು ಪಟ್ಟಿ ಬರೆದೆ. ಸುತ್ತಿಗೆ, ಕಿಟಕಿ, ನದಿ, ಗುಂಡಿ, ಸೇಬು, ಏಣಿ, ಕುದುರೆ, ಸಾಬೂನು, ಗಡಿಯಾರ, ಉಪ್ಪು, ಕೈಗವಸು, ಸೇತುವೆ, ಬುಟ್ಟಿ, ಹಗ್ಗ, ದೀಪ. ಒಂದು ಸಲ ಓದಿದೆ. ಅವನು ಹದಿನೈದನ್ನೂ ಒಪ್ಪಿಸಿದ.

"ಹಿಂದಿನಿಂದ ಹೇಳ್ಲಾ?" ಅಂದ.

"ನಿನ್ ಜಾಣತನ ಈಗ ಬೇಕಾಗಿಲ್ಲ ಕಣೋ. ಆರಕ್ಕೆ ನಿಲ್ಸು."

"ಏಳನೇದು ನಾಲ್ಗೆ ಮೇಲೇ ಬಂದು ಕೂತಿರತ್ತಲ್ಲೇ, ಏನ್ ಮಾಡ್ಲಿ?"

"ನುಂಗು."

"ಮುಖ ನೋಡಿದ್ರೆ ಗೊತ್ತಾಗೋಗತ್ತೆ."

"ಹುಬ್ಬು ಗಂಟು ಹಾಕು. ತಲೆ ಎತ್ತಿ ಚಾವಣಿ ನೋಡು. ಹೋಮ್‌ವರ್ಕ್ ಮಾಡದೇ ಬಂದ ಮಕ್ಕಳು ನನ್ನ ಕ್ಲಾಸಲ್ಲಿ ನೋಡ್ತಾವಲ್ಲ, ಹಾಗೆ. ಮೂರು ಸಲ ಉಸಿರು ಬಿಡು. ಆಮೇಲೆ ‘ಅಷ್ಟೇ’ ಅನ್ನು."

ಮೂರು ಮಧ್ಯಾಹ್ನ ಹೀಗೆ ಕಲಿಸಿದೆ. ಮೂರನೆಯ ದಿನ ಅವನು ಹುಬ್ಬು ಗಂಟು ಹಾಕಿ, ಚಾವಣಿ ನೋಡಿ, ಆರು ಪದ ಹೇಳಿ, ಪೆಚ್ಚುಮೋರೆಯಲ್ಲಿ "ಅಷ್ಟೇ" ಎಂದಾಗ ನಾನು ಚಪ್ಪಾಳೆ ತಟ್ಟಿದೆ. ಶಾಲೆಯ ಚೀಲದಿಂದ ಚಿನ್ನದ ಬಣ್ಣದ ನಕ್ಷತ್ರದ ಸ್ಟಿಕರ್ ತೆಗೆದೆ. ಅವನು ತಲೆ ಬಾಗಿಸಿ ಹಣೆ ಕೊಟ್ಟ. ಅಂಟಿಸಿದೆ. ಹತ್ತು ವರ್ಷ ಎದುರಾಳಿಗಳು ಗುದ್ದಿದ ಹಣೆ ಅದೇ.

ಅಲ್ಲಿಂದಾಚೆ ಪ್ರತಿ ವರ್ಷ ಆರು. ತಮ್ಮ ಕಡತದಲ್ಲಿ ಸಾಲಾಗಿ ಇವೆ, ನೋಡಿ. ನಾನು ಗ್ಯಾಲರಿಯಲ್ಲಿ ಕೂತು ನೋಡಿದ ದೊಡ್ಡ ಪೆಟ್ಟುಗಳೇ ಐದಾರು, ಕಾಣದೆ ಹೋದವು ಇನ್ನೆಷ್ಟೋ. ಒಂದು ನವೆಂಬರಿನಲ್ಲಿ ಢಿಕ್ಕಿಯಾದ ಮೇಲೆ ಅವನು ಎದ್ದು ನಡೆದು ಹೋಗಿ ಎದುರು ತಂಡದ ಸಾಲಿನಲ್ಲಿ ನಿಂತುಬಿಟ್ಟ. ಇಡೀ ಮೈದಾನ ನಕ್ಕಿತು. ಓಟಿಸ್ ಹೋಗಿ ಭುಜ ಹಿಡಿದು ತಿರುಗಿಸಿ ಕರೆತಂದ. ಸೋಮವಾರ ತಂಡದ ವೈದ್ಯರು ಪದಗಳನ್ನು ಓದಿದರು, ಇವನು ಆರು ಹೇಳಿದ, ವೈದ್ಯರು ಬೆನ್ನು ತಟ್ಟಿದರು, ಭಾನುವಾರ ಮತ್ತೆ ಬಗ್ಗಿ ನಿಂತ. ಹೀಗೆ ಸತತವಾಗಿ ನೂರಾ ಐವತ್ತೊಂದು ಪಂದ್ಯ. ಅದಕ್ಕೊಂದು ಫಲಕ ಕೊಟ್ಟಿದ್ದಾರೆ, ಗೋಡೆಯ ಮೇಲಿದೆ.

ನಾನು ಎಷ್ಟು ಯೋಚಿಸಿದರೂ ತಿಳಿಯದ ಒಂದು ವಿಷಯವಿದೆ. ಆ ಆರು ಯಾವ ವರ್ಷದವರೆಗೆ ನಟನೆಯಾಗಿತ್ತು, ಯಾವ ವರ್ಷದಿಂದ ನಿಜವಾಯಿತು? ಯಾವ ಸೋಮವಾರ ಅವನು ಏಳನೆಯ ಪದವನ್ನು ನುಂಗಲೆಂದು ಹುಡುಕಿದಾಗ ನಾಲಗೆಯ ಮೇಲೆ ಏನೂ ಇರಲಿಲ್ಲ? ಅವನು ನನಗೆ ಹೇಳಲಿಲ್ಲ. ಬಹುಶಃ ಅವನಿಗೂ ಗೊತ್ತಾಗಲಿಲ್ಲ. ಎಲ್ಲ ಸರಿಯಿದೆ ಎಂದು ತೋರಿಸಲು ನಾವೇ ಕಟ್ಟಿದ ಪರದೆ ಎಷ್ಟು ಗಟ್ಟಿಯಾಗಿತ್ತೆಂದರೆ, ಅದರ ಹಿಂದೆ ಮನೆ ಸುಡುತ್ತಿದ್ದರೂ ನಮಗೇ ಕಾಣಲಿಲ್ಲ.

ಮೂವತ್ತಮೂರಕ್ಕೆ ಆಟ ಬಿಟ್ಟು ಸಲೈನ್ ಕೌಂಟಿಗೆ, ಅವನ ಅಪ್ಪನ ಜೋಳದ ಹೊಲದ ಪಕ್ಕಕ್ಕೆ, ವಾಪಸು ಬಂದೆವು. ಮೊದಲ ಕೆಲವು ವರ್ಷ ಚೆನ್ನಾಗಿಯೇ ಇತ್ತು. ಮಂಡಿ ಎರಡೂ ಹೋಗಿದ್ದವು, ಬೆರಳುಗಳು ಬೇಲಿಯ ಕಡ್ಡಿಗಳಂತೆ ಸೊಟ್ಟಗಾಗಿದ್ದವು, ಚರ್ಚಿನ ಬೆಂಚಿನಲ್ಲಿ ಕೂರಲಾಗದೆ ಹಿಂದೆ ಗೋಡೆಗೊರಗಿ ನಿಲ್ಲುತ್ತಿದ್ದ. ಅದಕ್ಕೆಲ್ಲ ನಾವು ಸಿದ್ಧರಿದ್ದೆವು. ಊರಿನ ಪ್ರೌಢಶಾಲೆಯ ತಂಡಕ್ಕೆ ಲೈನಿನ ಆಟ ಕಲಿಸುತ್ತಿದ್ದ. ನಲವತ್ತೊಂದನೇ ವಯಸ್ಸಿನಲ್ಲಿ ಆ ಕೆಲಸ ಹೋಯಿತು. ಒಂದೇ ಪಾಠವನ್ನು ಒಂದೇ ಸಂಜೆ ನಾಲ್ಕು ಸಲ ಮಾಡಿದನಂತೆ, ನಾಲ್ಕನೆಯ ಸಲ ಮಕ್ಕಳು ನಕ್ಕಾಗ ಬೆಂಚು ಎತ್ತಿ ಎಸೆದನಂತೆ. ಆಮೇಲೆ ಒಂದೊಂದೇ ಕಳಚಿತು. ನೆರೆಯವರ ಹೆಸರು, ಕಾರಿನ ಗೇರು, ಫೋರ್ಕು ಹಿಡಿಯುವ ಕ್ರಮ. ಮಗಳು ಮ್ಯಾಲರಿ ಹೋದ ಕ್ರಿಸ್‌ಮಸ್ಸಿಗೆ ಬಂದಾಗ ಬಾಗಿಲು ತೆಗೆದು, "ಡೆನೀಸ್, ಯಾರೋ ಬಂದಿದ್ದಾರೆ, ಒಳ್ಳೆ ಮನೆತನದವ್ರ ಹಾಗೆ ಕಾಣ್ತಾರೆ" ಎಂದು ನನ್ನನ್ನು ಕೂಗಿದ. ಅವಳು ಅಂಗಳದಲ್ಲೇ ನಿಂತು ಅತ್ತಳು.

ಏಪ್ರಿಲ್ ಹದಿನಾಲ್ಕರ ಮಧ್ಯಾಹ್ನ ನಡೆದದ್ದನ್ನು ನಾನು ಇದುವರೆಗೆ ಯಾರಿಗೂ ಇದ್ದಂತೆ ಹೇಳಿಲ್ಲ. ಊಟವಾಗಿತ್ತು. ವೇಡ್ ಬೂಟು ಅದಲುಬದಲು ಹಾಕಿಕೊಂಡು ಅಭ್ಯಾಸಕ್ಕೆ ಹೊರಟಿದ್ದ. ಹೊರಗೆ ಹೆದ್ದಾರಿ. ನಾನು ಹೋಗಿ ಬಾಗಿಲಿಗೆ ಅಡ್ಡ ನಿಂತೆ.

"ಇವತ್ತು ಪ್ರಾಕ್ಟೀಸ್ ಇಲ್ಲ ಕಣೋ. ಬಾ, ಕೂತ್ಕೋ."

ಅವನು ಬಗ್ಗಿದ. ಮೂರು ಬೆರಳು ನೆಲಕ್ಕೂರಿದ. ಹುಬ್ಬಿನ ಕೆಳಗಿನಿಂದ ನನ್ನನ್ನೇ ನೋಡಿದ. ಆ ನೋಟವನ್ನು ಹತ್ತು ವರ್ಷ ಗ್ಯಾಲರಿಯಿಂದ ನೋಡಿದ್ದೆ. ಎದುರಿನಿಂದ ನೋಡಿದ್ದು ಅದೇ ಮೊದಲು. ಅಷ್ಟು ವರ್ಷ ಅವನ ಎದುರು ನಿಂತವರಿಗೆ ಹೇಗಾಗುತ್ತಿತ್ತೆಂದು ನನಗೆ ಆಗ ತಿಳಿಯಿತು. ಎದ್ದು ಬಂದದ್ದು ಕಾಣಲಿಲ್ಲ. ಎರಡೂ ಅಂಗೈ ಎದೆಗೆ ಬಿದ್ದವು, ನಾನು ಬಾಗಿಲ ಚೌಕಟ್ಟಿಗೆ ಬಡಿದು ಕುಸಿದೆ. ಸದ್ದಿಗೆ ಅವನು ನಿಂತ. ಸುತ್ತ ನೋಡಿದ. ಮಂಡಿ ಪೂರ್ತಿ ಮಡಚಲು ಆಗುವುದಿಲ್ಲ, ಆದರೂ ಗೋಡೆ ಹಿಡಿದು ಜಾರಿ ನನ್ನ ಪಕ್ಕ ನೆಲಕ್ಕೆ ಕೂತ.

"ಯಾರೇ ಮಾಡಿದ್ದು ನಿಂಗೆ ಹೀಗೆ?" ಅಂದ. "ಹೆಸ್ರು ಹೇಳು. ಅವನನ್ನ ನಾನು ನೋಡ್ಕೋತೀನಿ."

"ಯಾರೂ ಇಲ್ಲ ಕಣೋ. ಜಾರಿ ಬಿದ್ದೆ."

"ನಾನಿರ್ಬೇಕಾದ್ರೆ ನಿನ್ನ ಯಾರೂ ಮುಟ್ಟಲ್ಲ," ಅಂದ. ನನ್ನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡು, ನಾನು ಫೋನು ಮಾಡಿ ಕರೆಸಿದ ಆಂಬುಲೆನ್ಸ್ ಬರುವವರೆಗೂ ಬಾಗಿಲನ್ನು ಕಾಯುತ್ತ ಕೂತಿದ್ದ.

ಎರಡು ಪಕ್ಕೆಲುಬು. ಆಸ್ಪತ್ರೆಯಲ್ಲೂ ಜಾರಿ ಬಿದ್ದೆ ಎಂದೇ ಬರೆಸಿದೆ. ಸುಳ್ಳಿನಲ್ಲಿ ನನಗೆ ಹಳೆಯ ಅನುಭವವಿದೆಯಲ್ಲ. ಮ್ಯಾಲರಿ ಮಾತ್ರ ಫೋನಿನಲ್ಲಿ ನನ್ನ ಉಸಿರಾಟ ಕೇಳಿಯೇ ತಿಳಿದುಕೊಂಡಳು. "ಅಮ್ಮ, ಮುಂದಿನ ಸಲ ನೀನು ಏಳಲ್ಲ. ಆಮೇಲೆ ಅಪ್ಪನ್ನ ಪೊಲೀಸ್ರು ಕರ್ಕೊಂಡೋಗ್ತಾರೆ. ಅವ್ರು ಬಂದಾಗ್ಲೂ ಅಪ್ಪ, ಇವಳಿಗೆ ಯಾರು ಹೀಗೆ ಮಾಡಿದ್ದು ಅಂತ್ಲೇ ಕೇಳ್ತಿರ್ತಾನೆ," ಎಂದಳು. ಮಾನ್ಯರೇ, ನನಗೆ ಸಾಯುವ ಭಯವಿಲ್ಲ ಎಂದರೆ ಅದೂ ಸುಳ್ಳಾದೀತು. ಆದರೆ ಅದಕ್ಕಿಂತ ದೊಡ್ಡ ಭಯ ಇದು: ಜೀವಮಾನವೆಲ್ಲ ಇನ್ನೊಬ್ಬರಿಗೆ ಪೆಟ್ಟು ಬೀಳದಂತೆ ಅಡ್ಡ ನಿಂತ ಮನುಷ್ಯನನ್ನು ಕೊನೆಗೆ ಕೊಲೆಗಾರನೆಂದು ಕಡತದಲ್ಲಿ ಬರೆಯುತ್ತೀರಿ. ಆಗ ಮಾತ್ರ "ಗಣನೀಯ ಕುಸಿತ" ತಮಗೆ ಕಾಣುತ್ತದೆ.

ಮೇ ತಿಂಗಳಲ್ಲಿ ತಮ್ಮ ವೈದ್ಯರು ಒಮಾಹಾದಲ್ಲಿ ಅವನನ್ನು ಪರೀಕ್ಷಿಸಿದರು. ಮೂಲೆಯಲ್ಲಿ ಬಾಯಿ ಮುಚ್ಚಿಕೊಂಡು ಕೂರುವ ಷರತ್ತಿನ ಮೇಲೆ ನನ್ನನ್ನು ಒಳಗೆ ಬಿಟ್ಟರು. ಹದಿನೈದು ಪದ ಓದಿದರು. ವೇಡ್ ಐದು ಹೇಳಿದ. ತುಂಬ ಹೊತ್ತು ಚಾವಣಿ ನೋಡಿ, ಬೆವರಿ, ಆರನೆಯದನ್ನು ಹೊರಗೆಳೆದ. ವೈದ್ಯರು ಕಂಪ್ಯೂಟರಿನತ್ತ ತಿರುಗಿ ನೋಡಿ ಪ್ರಸನ್ನರಾದರು. "ಆಗ್ಲೂ ಆರು, ಈಗ್ಲೂ ಆರು. ಬಹಳ ಸ್ಥಿರವಾಗಿದೆ ನೋವೊಟ್ನಿಯವ್ರೇ," ಎಂದರು. ಬಾಯಿ ಮುಚ್ಚಿಕೊಂಡಿರುವ ಷರತ್ತನ್ನು ನಾನು ಅಂದು ಯಾಕೆ ಪಾಲಿಸಿದೆನೋ. ಮನೆಗೆ ಮರಳುವಾಗ ಕಾರಿನಲ್ಲಿ ವೇಡ್ ಬಹಳ ಗೆಲುವಾಗಿದ್ದ.

"ಆರು ಹೇಳ್ದೆ, ನೋಡಿದ್ಯಾ?"

"ನೋಡ್ದೆ."

"ಏಳನೇದು ಬಾಯಿಗೆ ಬರ್ಲೇ ಇಲ್ಲ ಕಣೇ. ನುಂಗೋ ಕೆಲ್ಸಾನೇ ಇರ್ಲಿಲ್ಲ."

ನಾನು ರಸ್ತೆಯನ್ನೇ ನೋಡುತ್ತ ಕಾರು ಓಡಿಸಿದೆ. ಸ್ವಲ್ಪ ಹೊತ್ತಾದ ಮೇಲೆ ಕೇಳಿದ: "ಹಾಗಾದ್ರೆ ಭಾನುವಾರ ಆಡ್ಬಹುದಲ್ವಾ?"

ಮಗಳು ಹುಟ್ಟಿದ್ದು ಮರೆತಿದ್ದಾನೆ, ಅಪ್ಪ ಸತ್ತದ್ದು ಮರೆತಿದ್ದಾನೆ. ನಾನು ಕಲಿಸಿದ ಪಾಠ ಒಂದು ಉಳಿದಿದೆ. ಇಪ್ಪತ್ತೈದು ವರ್ಷ ಪಾಠ ಹೇಳಿದ್ದೇನೆ, ಇಷ್ಟು ಚೆನ್ನಾಗಿ ಯಾವ ವಿದ್ಯಾರ್ಥಿಗೂ ಕಲಿಸಿಲ್ಲ.

ಈಗ ತಾವು ಹೇಳುವುದು ನನಗೆ ಗೊತ್ತಿದೆ. ಮಾಡಿದ್ದುಣ್ಣೋ ಮಹಾರಾಯ. ಪರೀಕ್ಷೆಯಲ್ಲಿ ಮೋಸ ಮಾಡಿದವರು ನೀವು, ಈಗ ಬಂದು ಅತ್ತರೆ? ಒಪ್ಪಿದೆ. ಉಣ್ಣುತ್ತಲೇ ಇದ್ದೇನೆ. ಆದರೆ ಒಂದು ಮಾತು ಕೇಳುವ ಅಪ್ಪಣೆಯಾಗಲಿ. ತಮ್ಮ ಕಡತದ ಪ್ರತಿ ತರಿಸಿಕೊಂಡ ಮೇಲೆ ನಾನು ನೆಲಮಾಳಿಗೆಗೆ ಇಳಿದು ಅವನ ಹಳೆಯ ಪೆಟ್ಟಿಗೆಗಳನ್ನೆಲ್ಲ ಬಿಚ್ಚಿದೆ. ಲೈನಿನ ತರಬೇತುದಾರರು ಶಿಬಿರದಲ್ಲಿ ಬರೆಸುತ್ತಿದ್ದ ಪರೀಕ್ಷೆಯ ಕಾಗದಗಳು ಒಂದು ಕಟ್ಟು ಸಿಕ್ಕವು. ನಲವತ್ತು ಆಟದ ತಂತ್ರಗಳು. ಪ್ರತಿಯೊಂದರಲ್ಲೂ ಎಡಗಡೆಯ ಗಾರ್ಡ್ ಮೊದಲ ಹೆಜ್ಜೆ ಎತ್ತ ಇಡಬೇಕು, ಯಾರನ್ನು ತಡೆಯಬೇಕು, ಎದುರಿನವರು ಜಾಗ ಬದಲಿಸಿದರೆ ಏನು ಕೂಗಬೇಕು, ಎಲ್ಲವನ್ನೂ ತಂಡದ ತಂತ್ರಗಳ ಪುಸ್ತಕ ನೋಡದೆ ಬರೆಯಬೇಕು. ಆ ಪುಸ್ತಕ ನಮ್ಮ ಊರಿನ ಫೋನ್ ಡೈರೆಕ್ಟರಿಗಿಂತ ದಪ್ಪವಿತ್ತು. ವೇಡ್‌ನ ದುಂಡು ಅಕ್ಷರ. ನಲವತ್ತಕ್ಕೆ ನಲವತ್ತು. ಕೆಳಗೆ ಕೆಂಪು ಪೆನ್ಸಿಲಿನಲ್ಲಿ ತರಬೇತುದಾರರು ಬರೆದಿದ್ದಾರೆ: "ಓಟಿಸ್‌ಗೂ ಸ್ವಲ್ಪ ಹೇಳಿಕೊಡು." ಮೇಲೆ ದಿನಾಂಕವಿದೆ. ತೊಂಬತ್ತೆಂಟರ ಆಗಸ್ಟ್ ಮೂರು, ಸೋಮವಾರ, ಸಂಜೆ ನಾಲ್ಕು ಗಂಟೆ.

ತಮ್ಮ ಮೂಲ ಪರೀಕ್ಷೆಯ ದಿನಾಂಕವನ್ನು ದಯವಿಟ್ಟು ನೋಡಿಕೊಳ್ಳಿ. ಅದೇ ಆಗಸ್ಟ್ ಮೂರು, ಬೆಳಿಗ್ಗೆ ಹತ್ತು ಗಂಟೆ. ಒಂದೇ ಕಟ್ಟಡ. ಬೆಳಿಗ್ಗೆ ಹತ್ತಕ್ಕೆ ಸುತ್ತಿಗೆ, ಸೇಬು ಎಂಬಂಥ ಹದಿನೈದು ಪದ ನೆನಪಿಡಲಾಗದ ಮನುಷ್ಯ, ಸಂಜೆ ನಾಲ್ಕಕ್ಕೆ ಡೈರೆಕ್ಟರಿಯಷ್ಟು ದಪ್ಪದ ಪುಸ್ತಕವನ್ನು ತಲೆಯಿಂದ ಇಳಿಸಿ ಬರೆಯುತ್ತಾನೆ. ಹತ್ತು ವರ್ಷ ಹೀಗೆಯೇ ನಡೆಯುತ್ತದೆ. ಮೈದಾನದ ಮೇಲೆ ಒಂದು ಹೆಜ್ಜೆ ತಪ್ಪದ ಇಡೀ ಸಾಲಿನವರು, ವೈದ್ಯರ ಕೋಣೆಗೆ ಬಂದ ಕೂಡಲೇ ಒಟ್ಟಾಗಿ ದಡ್ಡರಾಗುತ್ತಾರೆ. ವಿದ್ಯಾವಂತರಾದ ತಮಗೆ ಯಾರಿಗೂ ಒಂದು ದಿನವೂ ಅನುಮಾನ ಬರಲಿಲ್ಲವೇ? ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದ ಹಾಗಾಯಿತು. ಇಲ್ಲ ಮಾನ್ಯರೇ, ತಮಗೆ ಗೊತ್ತಿತ್ತು. ಭಾನುವಾರ ಸಾಲಿನಲ್ಲಿ ಐದು ತಲೆ ಬೇಕಿತ್ತು, ಅದಕ್ಕೆ ಆ ಆರು ತಮಗೂ ಅನುಕೂಲವಾಗಿತ್ತು. ನಾವು ಸುಳ್ಳು ಹೇಳಿದೆವು, ತಾವು ನಂಬಿದಂತೆ ನಟಿಸಿದಿರಿ. ನಮ್ಮ ಮೋಸಕ್ಕೆ ಶಿಕ್ಷೆಯಾಗಿದೆ. ತಮ್ಮದಕ್ಕೆ?

ಈ ಪತ್ರ ಬರೆಯುವ ಮೊದಲು ಓಟಿಸ್‌ನನ್ನು ಕೇಳಿದೆ. ಅವನು ಈಗಲೂ ಗುರುವಾರ ಸಂಜೆ ಅಲಬಾಮಾದಿಂದ ಫೋನು ಮಾಡುತ್ತಾನೆ. ಅವನ ಅರ್ಜಿಯೂ ತಮ್ಮ ಮೇಜಿನ ಮೇಲೇ ಇದೆ. ನಿಜ ಹೇಳಿದರೆ ಅವನಿಗೂ ತೊಂದರೆಯಾದೀತೆಂದು ಎಚ್ಚರಿಸಿದೆ.

"ಹೇಳು ತಂಗಿ,"  ಅಂದ. "ಆ ಹುಡುಗ್ರಿಗೆ ಆರು ಕಲಿಸಿದ್ದೇ ನಾನು. ನನ್ ಹೆಸ್ರೂ ಹಾಕು."

"ನಿನ್ನ ಅರ್ಜೀನೂ ತಳ್ಳಿಹಾಕ್ತಾರೆ ಅಣ್ಣ."

"ಹಾಕ್ಲಿ ಬಿಡು. ನಾನೂ ವೇಡೂ ಹತ್ತು ವರ್ಷ ಭುಜಕ್ಕೆ ಭುಜ ಕೊಟ್ಟು ನಿಂತೋರು. ಈಗ ಒಬ್ನೇ ನಿಲ್ಲು ಅನ್ಲಾ?" ಆಮೇಲೆ, "ವೇಡ್ ಹೇಗಿದ್ದಾನೆ ತಂಗಿ? ಕೊಲಾಚೆ ಮಾಡಿದ್ಯಾ?" ಎಂದ. ಅದನ್ನು ಅವನು ಅದೇ ಕರೆಯಲ್ಲಿ ಮೂರನೆಯ ಸಲ ಕೇಳುತ್ತಿದ್ದ. ಮೂರು ಸಲವೂ ಮಾಡಿದ್ದೇನೆ ಎಂದೆ.

ಮೊನ್ನೆ ಭಾನುವಾರ ಮಧ್ಯಾಹ್ನ ನಾನೇ ಒಂದು ಪರೀಕ್ಷೆ ಮಾಡಿದೆ. ಮೇಜು ಅದೇ, ಎಲ್ಲಿಗೆ ಹೋದರೂ ಹೊತ್ತುಕೊಂಡೇ ಬಂದಿದ್ದೇವೆ. ಎದುರು ಕೂರಿಸಿಕೊಂಡು ಹಳೆಯ ಪಟ್ಟಿಯನ್ನು ನಿಧಾನವಾಗಿ ಓದಿದೆ. "ಈ ಸಲ ಏನೂ ನುಂಗ್ಬೇಡ ಕಣೋ. ಬಾಯಿಗೆ ಬಂದಿದ್ದೆಲ್ಲ ಹೇಳು. ಹದ್ನೈದೂ ಹೇಳು," ಎಂದೆ. ಅವನು ಹುಬ್ಬು ಗಂಟು ಹಾಕಿದ. ಚಾವಣಿ ನೋಡಿದ. ಮೂರು ಸಲ ಉಸಿರು ಬಿಟ್ಟ. ನಾನು ಕಲಿಸಿದ ಅದೇ ಮುಖ, ಆದರೆ ಈಗ ಅದರಲ್ಲಿ ನಟನೆ ಎಳ್ಳಷ್ಟೂ ಇರಲಿಲ್ಲ. ಸುತ್ತಿಗೆ ಎಂದ. ನದಿ ಎಂದ. ಕುದುರೆ ಎಂದ. ಬಹಳ ಹೊತ್ತಿನ ಮೇಲೆ ಮತ್ತೆ ಸುತ್ತಿಗೆ ಎಂದ. "ಅಷ್ಟೇ," ಎಂದು ನನ್ನ ಮುಖ ನೋಡಿದ. ಆಮೇಲೆ ಮೇಜಿನ ಮೇಲೆ ಮುಂದಕ್ಕೆ ಬಾಗಿ, ತಲೆ ತಗ್ಗಿಸಿ, ಹಣೆ ಕೊಟ್ಟು ಕಾಯುತ್ತ ಕೂತ.

ನನ್ನ ಬಳಿ ಸ್ಟಿಕರ್ ಇರಲಿಲ್ಲ. ನಾನು ಆ ಹಣೆಯ ಮೇಲೆ ಕೈಯಿಟ್ಟು ಅತ್ತೆ.

ಮಾನ್ಯರೇ, ಆ ಸುಳ್ಳು ಪರೀಕ್ಷೆಯನ್ನು ಕಡತದಿಂದ ಕಿತ್ತು ಬಿಸಾಡಿ. ತರಬೇತುದಾರರ ಕಾಗದವನ್ನು ಈ ಪತ್ರದ ಜೊತೆ ಕಳುಹಿಸಿದ್ದೇನೆ, ನನ್ನ ಗಂಡನ ನಿಜವಾದ ತಲೆ ಅದರಲ್ಲಿದೆ, ಅದಕ್ಕೆ ಹೋಲಿಸಿ ನೋಡಿ. ನಾನು ಮಾಡಿದ್ದಕ್ಕೆ ಯಾವ ನ್ಯಾಯಾಲಯದಲ್ಲಿ ಬೇಕಾದರೂ ಪ್ರಮಾಣ ಮಾಡಿ ಹೇಳುತ್ತೇನೆ, ಯಾವ ಶಿಕ್ಷೆ ಬೇಕಾದರೂ ಕೊಡಿ, ಆದರೆ ಅವನಿಗೆ ಆ ಹಾಸಿಗೆ ಕೊಡಿ. ಈ ತಿಂಗಳು ಮುಗಿಯುವುದರೊಳಗೆ ಕೊಡಿ. ಮನುಷ್ಯರಿಗೆ ಇಪ್ಪತ್ತನಾಲ್ಕು ಪಕ್ಕೆಲುಬು ಎಂದು ನಾನು ಮಕ್ಕಳಿಗೆ ಹೇಳಿಕೊಡುತ್ತಿದ್ದೆ. ನನ್ನಲ್ಲಿ ಇನ್ನು ಇಪ್ಪತ್ತೆರಡು ನೆಟ್ಟಗಿವೆ. ಅವನು ದಿನಾ ಊಟವಾದ ಮೇಲೆ ಬೂಟು ಹುಡುಕುತ್ತಾನೆ, ನಾನು ದಿನಾ ಹೋಗಿ ಬಾಗಿಲಿಗೆ ಅಡ್ಡ ನಿಲ್ಲುತ್ತೇನೆ.

ಇಂತಿ,
ಗಂಡನಿಗೆ ಮರೆಯುವುದನ್ನು ಕಲಿಸಿದ ಶಿಕ್ಷಕಿ,
ಡೆನೀಸ್ ನೋವೊಟ್ನಿ
ಸಲೈನ್ ಕೌಂಟಿ, ನೆಬ್ರಾಸ್ಕಾ